ಒಂಬತ್ತನೇ ಕಂತಿನ ಹೆಂಡತಿ

ಮನೆ, ಟೀವಿ ಮುಂದಿನ ಚಾಪೆ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರೇ,

ಹೇಗಿದ್ದೀರಿ? ಸೊಂಟ ನೋವು ಹೇಗಿದೆ? ಗಾಳಿ ಅಳೆಯುವ ಕಂಬ ಹತ್ತುವಾಗ ಆ ಉಣ್ಣೆ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಪೆಟ್ಟಿಗೆಯ ತಳದಲ್ಲೇ ಮಲಗಿಸಿದ್ದೀರೋ? ನೀವು ಆ ದ್ವೀಪದ ಹವಾಮಾನ ಕೇಂದ್ರಕ್ಕೆ ಹೋಗಿ ಹನ್ನೊಂದು ತಿಂಗಳಾಯಿತು. ನಾನು ಚೆನ್ನಾಗಿದ್ದೇನೆ. ಅಡುಗೆಮನೆ ನಲ್ಲಿ ಸೋರುವುದು ನಿಂತಿದೆ, ಪ್ರೆಸ್ಸಿನಲ್ಲಿ ಕೈತುಂಬ ಕೆಲಸ. ನಿಮ್ಮನ್ನು ಇನ್ನೊಂದು ವರ್ಷ ಅಲ್ಲೇ ಇರಿಸಿಕೊಳ್ಳಲು ಮನೆಯವರ ಒಪ್ಪಿಗೆ ಬೇಕೆಂದು ನಿಮ್ಮ ಆಫೀಸಿನ ಕಾಗದ ಬಂದಿದೆ. ನೀವು ಕೇಳಿದಾಗ ‘ಇರಿ’ ಎಂದು ಬರೆದವಳು ನಾನೇ ತಾನೇ. ಸಹಿಯ ವಿಷಯ ಆಮೇಲೆ ಬರೆಯುತ್ತೇನೆ.

ನಮ್ಮ ಭಾನುವಾರದ ಆಟ ನಡೆಯುತ್ತಿದೆಯೇ ಎಂದು ಕೇಳಿದ್ದೀರಿ. ನಡೆಯುತ್ತಿದೆ, ಕುಂಟುತ್ತಾ. ಆ ಹಳೆಯ ಬಾಹ್ಯಾಕಾಶ ಧಾರಾವಾಹಿಯ ಕಥೆಯನ್ನೇ ಕಾದಂಬರಿ ಮಾಡಿದ ಪುಸ್ತಕವನ್ನು ನೀವು ಒಯ್ದಿರಿ, ಕ್ಯಾಸೆಟ್ಟುಗಳು ಇಲ್ಲಿ ಉಳಿದವು. ಹಳೇ ಪುಸ್ತಕದಂಗಡಿಯಲ್ಲಿ ಇನ್ನೊಂದು ಪ್ರತಿ ಹುಡುಕಿ ತಂದೆ. ಪ್ರೆಸ್ಸಿನಲ್ಲಿ ಕರಡು ತಿದ್ದುವಾಗ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಕಣ್ಣಿಟ್ಟಿರುತ್ತಾರೆ. ಆ ಪದ್ಧತಿಯನ್ನೇ ಅಲ್ಲವೇ ನಾನು ಮನೆಗೆ ತಂದದ್ದು? ನೀವು ಪುಸ್ತಕ ಓದುವುದು, ನಾನು ಟೀವಿ ನೋಡುವುದು, ವ್ಯತ್ಯಾಸ ಕಂಡಲ್ಲಿ “ತಡೀರಿ, ತಡೀರಿ” ಎಂದು ಕೂಗುವುದು. ಹಾಗೆ ಆರು ಕಂತು ಮುಗಿಸಿದ್ದೆವು. ಈಗ ಓದುವವಳೂ ನಾನೇ, ನೋಡುವವಳೂ ನಾನೇ. ಪುಟದ ಕಡೆ ತಲೆ ಬಗ್ಗಿಸಿದರೆ ರಾಕೆಟ್ಟು ಹಾರಿಹೋಗಿರುತ್ತದೆ. ಹೋದ ವಾರ ಅಭ್ಯಾಸಬಲದಿಂದ “ತಡೀರಿ” ಎಂದುಬಿಟ್ಟೆ. ಯಾರೂ ಓದುತ್ತಿರಲಿಲ್ಲ.

ನೀವು ಅಲ್ಲಿ ಓದಿದ ಏಳನೇ ಕಂತಿನ ರಾಕ್ಷಸ ನೆನಪಿದೆಯೇ? ಪುಸ್ತಕದಲ್ಲಿ ಅವನಿಗೆ ನೂರು ಕಣ್ಣು, ಅವನ ಉಸಿರಿಗೆ ಬಂಡೆ ಕರಗುತ್ತದೆ. ಟೀವಿಯಲ್ಲಿ ಕಂಬಳಿ ಹೊದ್ದ ಒಬ್ಬ ಮನುಷ್ಯ, ಕೆಳಗೆ ಬೂಟುಗಾಲು ಬೇರೆ ಕಾಣುತ್ತದೆ! ಬಾಹ್ಯಾಕಾಶ ಹಡಗಿನ ಬಾಗಿಲು ಮುಚ್ಚಿದರೆ ಗೋಡೆಯೇ ಅಲ್ಲಾಡುತ್ತದೆ, ಪುಸ್ತಕದಲ್ಲಿ ಅದು ‘ಉಕ್ಕಿನ ಮಹಾದ್ವಾರ’. ಮೂಗಿಗಿಂತ ಮೂಗುತಿ ಭಾರ. ಇಂಥ ಪುಸ್ತಕಗಳನ್ನು ಎಷ್ಟೋ ಸಲ ಚಿತ್ರೀಕರಣಕ್ಕೂ ಮೊದಲೇ, ಬರೀ ಸಂಭಾಷಣೆಯ ಪ್ರತಿ ಮುಂದಿಟ್ಟುಕೊಂಡು ಬರೆಯುತ್ತಾರಂತೆ, ನಮ್ಮ ಪ್ರೆಸ್ಸಿನ ಯಜಮಾನರು ಹೇಳಿದರು. ಅಂದರೆ ಪುಸ್ತಕ ಬರೆದ ಪುಣ್ಯಾತ್ಮ ಆ ಬೂಟು ನೋಡಿಯೇ ಇಲ್ಲ. ನೀವಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಒಬ್ಬಳೇ ನಕ್ಕರೆ ನಗು ಬೇಗ ಮುಗಿದುಹೋಗುತ್ತದೆ.

ಇವತ್ತು ಒಂಬತ್ತನೇ ಕಂತು. ಚಂದ್ರನ ಮೇಲಿನ ಠಾಣೆಯಿಂದ ಗಂಡ ಫೋನು ಮಾಡಿ, ಇನ್ನೊಂದು ವರ್ಷ ಇರಲೇ ಎಂದು ಕೇಳುತ್ತಾನೆ. ಹೆಂಡತಿ “ಇರಿ, ನನಗೇನೂ ತೊಂದರೆ ಇಲ್ಲ” ಎನ್ನುತ್ತಾಳೆ. ಅದನ್ನು ಓದಿ ನೀವು ಬರೆದಿರಿ, “ಎಷ್ಟು ನಗ್ತಾ ನಗ್ತಾ ಒಪ್ಕೊಂಡ್ಲು ನೋಡು, ಥೇಟ್ ನಿನ್ನ ಹಾಗೇ.” ಹೌದು, ಪುಸ್ತಕದಲ್ಲಿ ಎರಡು ಪುಟದುದ್ದಕ್ಕೂ ಅವಳ ಹೆಮ್ಮೆ, ಅವಳ ಮುಗುಳ್ನಗೆ. ನಾನು ಕ್ಯಾಸೆಟ್ಟನ್ನು ನಾಲ್ಕು ಸಲ ಹಿಂದಕ್ಕೆ ಸುತ್ತಿ ನೋಡಿದೆ. ಮಾತು ಅಕ್ಷರಕ್ಕೆ ಅಕ್ಷರ ಅದೇ. ಆದರೆ ಅವಳು ನಗುವುದಿಲ್ಲ ರೀ. ಮಾತಾಡುತ್ತಾ ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಾಳೆ, ಬಿಡಿಸುತ್ತಾಳೆ. ಲೈನು ಕಡಿದ ಮೇಲೂ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇರುತ್ತಾಳೆ. ಹಿಂದೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ತಿರುಗಿ ನೋಡುವುದಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನೀವು ಕಾಣದೆಯೇ ತೀರ್ಪು ಕೊಟ್ಟುಬಿಟ್ಟಿರಿ.

ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಬಿಟ್ಟುಹೋದದ್ದಕ್ಕೆ ಒಂದು ಗುರುತಿದೆ, ಹೆಚ್ಚಾದದ್ದಕ್ಕೆ ಒಂದು ಗುರುತಿದೆ. ಒಂದಕ್ಷರವೂ ತಪ್ಪಿಲ್ಲದೆ ಪುಟಕ್ಕೆ ಪುಟವೇ ತಪ್ಪಾಗಿದ್ದರೆ ಏನು ಹಾಕಬೇಕೋ ನನಗೆ ಗೊತ್ತಿಲ್ಲ. ಪೆನ್ಸಿಲ್ ಹಿಡಿದುಕೊಂಡು ಅತ್ತುಬಿಟ್ಟೆ, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ.

ಹೊತ್ತು ಹೊತ್ತಿಗೆ ಊಟ ಮಾಡಿ. ಅಲ್ಲಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ, ನಿಮ್ಮ ತಟ್ಟೆಗೆ ಉಪ್ಪು ಕಡಿಮೆ ಹಾಕಲು ಹೇಳಿ.

ನಿಮ್ಮ
ಇವಳು

ಮರೆತ ಮಾತು: ಪಕ್ಕದ ಮನೆಯ ನರ್ಸಮ್ಮ ಬಂದರಿನ ಕಡೆ ಹೊರಟಿದ್ದಾರೆ, ಪತ್ರಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ. ‘ಇರಿ’ ಎಂದು ನಾನು ಬರೆದಾಗ ನನ್ನ ಮುಖ ನೀವು ನೋಡಿಲ್ಲ. ಆ ಸಾಲು ಹೊಡೆದುಹಾಕಿ. ಕಾಗದಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ವರ್ಷ ತುಂಬಿದ ದಿನವೇ ದೋಣಿ ಹತ್ತಿ ಬಂದುಬಿಡಿ.