ಬಾಣದ ತುದಿಯ ಮಣ್ಣು

ಹ್ಯಾನ್‌ಕಾಕ್, ಮಿಷಿಗನ್
ಅಕ್ಟೋಬರ್ ೧೯

ಮೈದುನ ವೈನೋಗೆ,

ಹಳೆಯ ಕ್ರಾಸ್‌ಬೋ ಬಿಲ್ಲು ಕೆಟ್ಟಿದೆ, ಹೊಸದು ಬೇಕು ಅಂತ ನಿಮ್ಮಣ್ಣ ರೈನೋ ನಿನ್ನ ಅಂಗಡಿಗೆ ಬಂದಿದ್ದರಂತೆ. ನಿನ್ನಲ್ಲಿ ಎರಡು ಥರ ಇವೆಯಂತೆ: ಹಗ್ಗ ಹಿಡಿದು ಕೈಯಲ್ಲೇ ಹೆದೆ ಎಳೆಯೋದು ಒಂದು, ಪಕ್ಕದ ಹಿಡಿ ತಿರುಗಿಸಿ ಎಳೆಯೋದು ಇನ್ನೊಂದು. ಹಿಡಿ ತಿರುಗಿಸೋದನ್ನೇ ತಗೊಳ್ಳಿ ಅಂತ ನಾನಂದರೆ, "ಕಾಫಿ ಬೀಜ ಬೀಸ್ಕೊಂಡು ಜಿಂಕೆ ಹೊಡೀಲಾ?" ಅಂತಾರೆ.

ನನಗೆ ಆಗಲೇ ಅನುಮಾನ ಇತ್ತು. ಎಳೆದ ಹೆದೆ ಸುಮ್ಮನೆ ಸಡಿಲ ಮಾಡೋಕಾಗಲ್ಲ, ಬೇಟೆ ಸಿಗದ ದಿನ ನೆಲಕ್ಕೊಂದು ಬಾಣ ಬಿಟ್ಟೇ ಬರಬೇಕು ಅಂತ ನೀವಿಬ್ಬರೂ ಹೇಳ್ತಿದ್ರಿ. ಈ ಸಲ ಬೇಟೆ ಶುರುವಾದ ಹದಿನೆಂಟು ದಿನವೂ ಬರಿಗೈಯಲ್ಲಿ ಬಂದಿದ್ದಾರೆ. ಬಾಣದ ತುದಿಯಲ್ಲಿ ಚೂರೂ ಮಣ್ಣಿಲ್ಲ. ಕಾಡಿಗೇ ಹೋಗ್ತಿಲ್ಲ, ಆ ವಿಧವೆ ಸೈಮಾ ಮನೇಲಿ ಕೂತಿರ್ತಾರೆ ಅಂದುಕೊಂಡೆ. ಮೊನ್ನೆ ಅವರ ಹಿಂದೆಯೇ ಹೋದೆ.

ಸೈಮಾ ಮನೆ ದಾಟಿ ಕಾಡಿಗೇ ಹೋದರು. ಮೂರು ಸಲ ಹಗ್ಗ ಎಳೆದರು, ಹೆದೆ ಅರ್ಧಕ್ಕೂ ಬರಲಿಲ್ಲ. ಭುಜ ಹಿಡಿದುಕೊಂಡು ಕೂತರು. ಎದುರಿಗೇ ಜಿಂಕೆ ಬಂದು ನಿಂತರೂ ಸುಮ್ಮನೆ ನೋಡ್ತಿದ್ದರು. ಮನೆಗೆ ಬಂದು, "ಇವತ್ತೂ ಒಂದೂ ಕಾಣಲಿಲ್ಲ ಕಣೇ" ಅಂದರು. ನಾನು ಅವರ ಭುಜಕ್ಕೆ ಶಾಖ ತಾಗಲಿ ಅಂತ ಸೌನಾ ಕೋಣೆಯ ಒಲೆ ಹಚ್ಚಿದೆ.

ನೀನು ಆ ಹಿಡಿ ತಿರುಗಿಸೋ ಬಿಲ್ಲನ್ನು ನನ್ನ ಹೆಸರಿಗೆ ತೆಗೆದಿಡು. ಈ ವಯಸ್ಸಲ್ಲಿ ಅತ್ತಿಗೆಗೆ ಬೇಟೆ ಹುಚ್ಚು ಹಿಡಿದಿದೆ ಅಂತ ಅವರ ಮುಂದೆ ಆಡಿಕೊಂಡು ನಗು. ಅವರು ನನ್ನದನ್ನು ಕದ್ದು ಕಾಡಿಗೆ ಒಯ್ದರೆ ನಾನು ನೋಡಿರಲ್ಲ.

ಬಾಣದ ತುದಿ ಮಾತ್ರ ದಿನಾ ನೋಡ್ತಿರ್ತೀನಿ.

ಇತಿ,
ನಿನ್ನ ಅತ್ತಿಗೆ ಐಲಿ