ತಗ್ಗಿಸಿದ ಕಟ್ಟೆ

ವಿನ್ನಿಪೆಗ್, ನವೆಂಬರ್ ೮, ಶನಿವಾರ

ಅಡುಗೆಮನೆ ಹೊಸದು ಮಾಡಿಸಲು ನಮ್ಮಲ್ಲಿರುವುದು ಮೂವತ್ತು ಸಾವಿರ ಡಾಲರ್, ಅಷ್ಟೇ. ಗ್ರಾನೈಟ್ ಕಟ್ಟೆ ನನ್ನ ಬಹುಕಾಲದ ಆಸೆ. ನನ್ನ ಗಂಡ ಮಹಾಶಯ ಒರೆಸ್ಟ್ ಮಾತ್ರ ಹೂಂ ಎನ್ನಲೊಲ್ಲ, ಊಹೂಂ ಎನ್ನಲೊಲ್ಲ. ಜಿಪುಣತನ ಎಂದುಕೊಂಡಿದ್ದೆ.

ಇವತ್ತು ಕೆಲಸ ಒಪ್ಪಿಕೊಂಡಿರುವ ರೆನಾಟಾ ಅಳತೆಗೆ ಬಂದಳು. ಒರೆಸ್ಟ್ ಕಿಟಕಿ ಪಕ್ಕದ ಕಟ್ಟೆ ತೋರಿಸಿ, "ಇದನ್ನ ತಗ್ಗಿಸಿಬಿಡಮ್ಮ. ಕೆಳಗೆ ಖಾಲಿ ಇರ್ಲಿ, ಮೊಣಕಾಲು ತೂರ್ಬೇಕು" ಎಂದ.

"ಕೂತ್ಕೊಂಡು ಅಡುಗೆ ಮಾಡ್ತೀರಾ?" ಅವಳು ನಕ್ಕಳು.

"ಹೂಂ, ವೀಲ್‌ಚೇರಲ್ಲಿ. ಈಗಲೇ ಅಲ್ಲ. ಆದ್ರೆ ಆ ದಿನ ಬಂದಾಗ ಪೆರೋಗಿ ಕಡುಬಿನ ಹಿಟ್ಟು ನಾನೇ ನಾದ್ಬೇಕು."

ಅವನ ಕಾಲಿನ ಶಕ್ತಿ ಕುಂದುತ್ತದೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ನಾನು ಆ ಕುರ್ಚಿಯ ಹೆಸರೆತ್ತಿದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. ಇವತ್ತು, ಹೊರಗಿನವಳೊಬ್ಬಳ ಮುಂದೆ, ತಾನಾಗಿಯೇ ಹೇಳಿದ.

ಕಟ್ಟೆ ತಗ್ಗಿಸಿ ಬಾಗಿಲು ಅಗಲ ಮಾಡಿದರೆ ಗ್ರಾನೈಟಿಗೆ ದುಡ್ಡು ಉಳಿಯುವುದಿಲ್ಲ ಎಂದಳು ರೆನಾಟಾ.

"ಗ್ರಾನೈಟ್ ಬೇಡ" ಎಂದೆ.

"ಎಷ್ಟು ವರ್ಷದ ಆಸೆ ಕಣೇ ಅದು" ಎಂದು ಒರೆಸ್ಟ್ ಗೊಣಗಿದ.

"ಕಲ್ಲನ್ನ ಬೇಯಿಸಿ ತಿನ್ನೋಕಾಗುತ್ತಾ? ಬಿಡು ಮಾರಾಯ."

ಅವಳು ಹೋದ ಮೇಲೆ ಅವನು ಕುರ್ಚಿ ಎಳೆದುಕೊಂಡು ಗೋಡೆಯ ಪಕ್ಕ ಕುಳಿತ. ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆಂದು ಪೆನ್ಸಿಲಿನಲ್ಲಿ ಗುರುತು ಮಾಡಲು ನನಗೆ ಹೇಳಿದ. ಬಗ್ಗಿ ಗೀರೆಳೆದೆ.

"ಗೀರು ಸೊಟ್ಟ ಆಯ್ತಲ್ಲೇ."

ಅಳಿಸಿ ಮತ್ತೆ ಎಳೆದೆ. ಎರಡನೆಯದೂ ಸೊಟ್ಟವೇ. ಅವನು ಪೆನ್ಸಿಲಿನ ಸಮೇತ ನನ್ನ ಕೈ ಹಿಡಿದುಕೊಂಡ.