ತಮ್ಮನ ಡಬ್ಬಿ, ನನ್ನ ಕೀಬೋರ್ಡು

ಅಕ್ಟೋಬರ್ 27, ಸೋಮವಾರ. ಬೀದರ

ಹಾಲು ಎರಡು ಪಾಕೀಟು. ಮೊಣಕಾಲು ನಿನ್ನೆಯಂತೆಯೇ. ಪತ್ರ ಒಂದೇ ಬರೆದೆ, ಬಗದಲ ಊರಿನ ಚಿಕ್ಕಮ್ಮನಿಗೆ. ಅಂಚೆಯವನು ನಕ್ಕ. ಊರಲ್ಲಿ ಪತ್ರ ಹಾಕುವವಳು ನಾನೊಬ್ಬಳೇ ಅಂತೆ. ಇರಲಿ.

ಮಧ್ಯಾಹ್ನ ಭಾಲ್ಕಿಯಿಂದ ಕಾಜಲಳ ಫೋನು. ತಮ್ಮ ಮಡೆಪ್ಪನ ಮಗಳು, ಅಲ್ಲಿನ ದವಾಖಾನೆಯಲ್ಲಿ ಸ್ಟಾಫ್ ನರ್ಸು. ಔರಾದಿನ ಹುಡುಗನ ಜೊತೆ ಮಾತುಕತೆ ನಡೆದಿದೆ.

"ಅತ್ತಿ, ಅಪ್ಪ ಬೀಗರ ಮುಂದ ಕುಂಡ್ರಂಗಿಲ್ಲ ಅಂತಾನ. ಅಪ್ಪ ಕುಂಡ್ರದಿದ್ರ ನಂಗೂ ಈ ಮದಿವಿ ಬ್ಯಾಡ."

ಮಡೆಪ್ಪನದೂ ತಪ್ಪಲ್ಲ. ಹುಟ್ಟಿನಿಂದ ಕಣ್ಣಿಲ್ಲ, ಈ ಸಲದ ಜ್ವರ ಕಿವಿಯನ್ನೂ ಒಯ್ದಿತು. ಸಂತೆಯಲ್ಲಿ ಕುರಿಯ ಬೆನ್ನು ಮುಟ್ಟಿ ತೂಕ ಹೇಳುತ್ತಿದ್ದವನು. ಅವನ ಚೇಷ್ಟೆಯ ಮಾತಿಗೆ ಜನ ನಿಂತು ಕೇಳುತ್ತಿದ್ದರು. ಈಗ ಯಾರು ಏನು ಅಂದರೂ ತಿಳಿಯದು. ಮೂಲೆ ಹಿಡಿದಿದ್ದಾನೆ… ನಾಳೆ ಹೊರಟೆ.

ಅ. 29, ಬುಧವಾರ. ಭಾಲ್ಕಿ

ಕಾಜಲಳ ತಲೆ ದೊಡ್ಡದು! ಮಡೆಪ್ಪನ ಹತ್ತಿರ ಬ್ರೈಲ್ ಡಬ್ಬಿ ಒಂದಿದೆ, ಮೊದಲಿಂದಲೂ. ಬರೆದದ್ದು ಚುಕ್ಕಿಯಾಗಿ ಎದ್ದು ನಿಲ್ಲುತ್ತದೆ, ಒಂದು ಸಲಕ್ಕೆ ಇಪ್ಪತ್ತು ಅಕ್ಷರದಷ್ಟು. ಅವನು ಬೆರಳಾಡಿಸಿ ಓದುತ್ತಾನೆ. ಕುರುಡರ ಸಾಲಿಯಲ್ಲಿ ಕಲಿತದ್ದು. ಆ ಡಬ್ಬಿಗೆ ಕಂಪ್ಯೂಟರಿನ ಹಳೇ ಕೀಬೋರ್ಡೊಂದನ್ನು ವಯರಿನಿಂದ ಜೋಡಿಸಿದ್ದಾಳೆ. ಪ್ರತಿ ಗುಂಡಿಗೂ ಕನ್ನಡ ಅಕ್ಷರದ ಚೀಟಿ ಅಂಟಿಸಿ.

"ಅತ್ತಿ, ನೀ ಇಲ್ಲಿ ಒತ್ತು. ಅಪ್ಪಗ ಅಲ್ಲಿ ಏಳ್ತದ."

ಒತ್ತುವವರು ಬೇಕಲ್ಲ. ಅವನ ಹೆಂಡತಿ ಮಾಯಾಳಿಗೆ ಅಕ್ಷರ ಬಾರದು. ತನ್ನ ಮದುವೆಯ ಮಾತನ್ನು ತಾನೇ ಒತ್ತುತ್ತ ಕೂರಲು ಕಾಜಲಳಿಗೆ ನಾಚಿಕೆ. ಉಳಿದವಳು ನಾನು. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಕಿರಾಣಿ ಪುಡಿಕೆಯ ಪೇಪರಿನಿಂದ ಅಕ್ಷರ ಕಲಿತವಳು.

ಕನ್ನಡಕ ಹಾಕಿ, ಒಂದೇ ಬೆರಳಲ್ಲಿ ಶುರು ಮಾಡಿದೆ. ಅರ್ಧ ತಾಸು ಹಿಡಿಯಿತು. ತಮ್ಮ ಓದಿದ. ಗಡಗಡ ನಕ್ಕ. ಎಷ್ಟು ತಿಂಗಳಾಗಿತ್ತು ಆ ನಗೆ ಕೇಳಿ!

"ಅಕ್ಕಾ, 'ಚಿರಂಜೀವಿ ಮಡೆಪ್ಪನಿಗೆ ಕಾಂತಾಬಾಯಿ ಮಾಡುವ ಆಶೀರ್ವಾದಗಳು'… ಎದುರಿಗಿ ಕುಂತು ಇದೇನ ಬರೀತಿ? ಚಹಾ ಆಗ್ಯಾದೇನ್ ಇಲ್ಲೇನ್, ಅಷ್ಟ ಹೇಳು!"

ರೂಢಿ. ಏನು ಮಾಡುವುದು.

ಅ. 31, ಶುಕ್ರವಾರ

ಗುಂಡಿ ಒತ್ತುವಾಗ ಕೂಗುತ್ತೇನಂತೆ. ಮಾಯಾ ಹೇಳಿದಳು. "ಅಕ್ಕೋರೆ, ಅವರಿಗಿ ಕೇಳ್ಸಂಗಿಲ್ರಿ, ಓಣಿಗೆಲ್ಲ ಕೇಳ್ಸಲಾಕತ್ತದ."

ಒತ್ತಿದ್ದು ಸರಿಯೋ ತಪ್ಪೋ ನನಗೆ ಕಾಣದು. ಬರೀ ಚುಕ್ಕಿ. ಇಲ್ಲಿ ಕಣ್ಣಿದ್ದವನು ಅವನು, ಕುರುಡಿ ನಾನು. ಅಂದೆ— ಅಲ್ಲ, ಒತ್ತಿದೆ. ಭಾಳ ಖುಷಿಪಟ್ಟ.

ನ. 2, ಭಾನುವಾರ

ತಮ್ಮ ಔರಾದಿಗೆ, ಬೀಗರ ಮನೆಗೆ ಬರುತ್ತಾನಂತೆ. ಆದರೆ ಷರತ್ತು ಇಟ್ಟ.

"ಅಕ್ಕಾ, ನೀ ಎಲ್ಲರ ಪತ್ರ ಓದುವಾಗ ಕೆಟ್ಟ ಮಾತು ನುಂಗ್ತಿದ್ದಿ. ನಂಗ ಗೊತ್ತದ. ನಡು ನಡು ಕೆಮ್ಮತಿದ್ದಿ. ಅಲ್ಲಿ ಹಂಗ ಮಾಡಬ್ಯಾಡ. ಯಾರ್ ಏನಂದ್ರೂ ಇದ್ದದ್ದ ಇದ್ದಂಗ ಒತ್ತು. ಇಲ್ಲಂದ್ರ ನಾ ಒಲ್ಲೆ."

ಮುಖ ಬಿಸಿಯಾಯಿತು. ನಲವತ್ತು ವರ್ಷ ಮನೆ ಮನೆಗೆ ಹೋಗಿ ಪತ್ರ ಓದಿದವಳು. ಬೈಗುಳ ಬಂದಲ್ಲಿ ಕೆಮ್ಮಿ, 'ಎಲ್ಲರೂ ಕ್ಷೇಮ' ಎಂದು ಮುಗಿಸುತ್ತಿದ್ದೆ. ಪುಣ್ಯದ ಕೆಲಸ ಅಂದುಕೊಂಡಿದ್ದೆ. ಆಯಿತು ಎಂದು ಒತ್ತಿದೆ.

ನ. 16, ಭಾನುವಾರ. ಔರಾದಿನಿಂದ ವಾಪಸ್ಸು, ಸಂಜೆ

ಹದಿನಾಲ್ಕು ದಿನ ಡೈರಿ ಮುಟ್ಟಲಿಲ್ಲ. ಕೀಬೋರ್ಡಿನ ಅಭ್ಯಾಸ. ಈಗ ಎರಡು ಬೆರಳು!

ಮುಂಜಾನೆಯ ಬಸ್ಸು. ಡಬ್ಬಿ ತಮ್ಮನ ತೊಡೆಯ ಮೇಲೆ, ಟವೆಲ್ಲಿನಲ್ಲಿ ಸುತ್ತಿದ ಕೀಬೋರ್ಡು ನನ್ನ ತೊಡೆಯ ಮೇಲೆ. ಕಾಜಲಳೂ ಬಂದಳು. "ನಾ ಇರೋ ಮನಿ ನಾ ನೋಡಬ್ಯಾಡಾ?"

ಹುಡುಗ ರವಿಕಿರಣ, ಬೀಜ-ಗೊಬ್ಬರದ ಅಂಗಡಿ. ತಂದೆ ಅಶೋಕಕುಮಾರರು ಸಂಭಾವಿತರು. ಚೂಡಾ, ಚಹಾ. ನಾನು ಒತ್ತುತ್ತಲೇ ಇದ್ದೆ— ಮಳೆ, ತೊಗರಿ, ಯಾರ ಸಂಬಂಧ ಯಾರಿಗೆ. ತಮ್ಮ ಓದಿ ಓದಿ ತಕ್ಕ ಉತ್ತರ ಕೊಟ್ಟ. ಎಲ್ಲರಿಗೂ ಬೆರಗು.

ಆಗ ಹಿಂದಿನಿಂದ ಹುಡುಗನ ಮೌಶಿ, ತಾಯಿಯ ತಂಗಿ, ಪಕ್ಕದವಳಿಗೆ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. "ಮದಿವಿ ಆದಮ್ಯಾಲ ನೌಕರಿ ಬಿಡಸಮು. ಈಗ ಹೇಳೋದ ಬ್ಯಾಡ. ಕಿವುಡ ಮುದುಕಗ ಏನ್ ತಿಳೀತದ."

ಕೈ ನಿಂತಿತು. ಗಂಟಲಿಗೆ ಕೆಮ್ಮು ಬಂತು, ಖರೇನೇ. ಎಷ್ಟು ಚೆಂದ ನಡೆದಿತ್ತು… ಒಂದು ಸಾಲು ನುಂಗಿದರೆ ಸಂಬಂಧ ಗಟ್ಟಿಮಾಡಿ ಸಕ್ಕರೆ ಹಂಚಿ ಎದ್ದು ಬರಬಹುದಿತ್ತು. ತಮ್ಮನ ಬೆರಳು ಖಾಲಿ ಪಟ್ಟಿಯ ಮೇಲೆ ಕಾಯುತ್ತಿತ್ತು.

ಒತ್ತಿದೆ. ಇದ್ದದ್ದು ಇದ್ದಂತೆ. 'ಮುದುಕ' ಸಹಿತ.

ಮಡೆಪ್ಪ ಎರಡು ಸಲ ಓದಿದ. ತಲೆ ಎತ್ತಿದ. "ಬೀಗ್ರೇ, ಮುದುಕ ಅಂದಿದ್ದು ಮಾಫ್. ಅದು ಖರೇ ಅದ. ನೌಕರಿ ಬಿಡಸೋ ಮಾತು ಯಾರ್ದರಿ?"

ಮೌಶಿಯ ಕೈಯಲ್ಲಿನ ಚಹಾದ ಬಸಿ ಖಣ್ ಎಂದಿತು. ಅಶೋಕಕುಮಾರರು ಹೆಂಡತಿಯ ಮುಖ ನೋಡಿದರು. ಎಲ್ಲ ಮುಗಿಯಿತು ಅಂದುಕೊಂಡೆ. ನನ್ನ ಎರಡು ಬೆರಳೇ ಮುರಿದವು ಈ ಮದುವೆಯನ್ನು.

ರವಿಕಿರಣ ಎದ್ದು ಬಂದ. "ಅಕ್ಕೋರೆ, ಜರಾ ಸರೀರಿ." ಕೀಬೋರ್ಡು ಎಳೆದುಕೊಂಡು ತಾನೇ ಒತ್ತಿದ. ಬೆವರುತ್ತಾ. ತಮ್ಮ ಒಂದು ಸಾಲು ಓದಿದ, ಡಬ್ಬಿಯ ಗುಂಡಿ ಒತ್ತಿ ಮತ್ತೊಂದು ಓದಿದ. ಮೀಸೆ ಕುಣಿಯಿತು. ಡಬ್ಬಿಯನ್ನು ಮಗಳ ಕಡೆ ತಿರುಗಿಸಿದ. "ನನಗ ಕೇಳಬ್ಯಾಡ್ರಿ, ಆಕಿಗಿ ಕೇಳ್ರಿ."

ಕಾಜಲ ಚಿಕ್ಕವಳಿದ್ದಾಗಲೇ ಅಪ್ಪನಿಂದ ಚುಕ್ಕಿ ಕಲಿತವಳು. ಓದಿದಳು. "ಮೊದಲನೇ ಸಾಲು ಬಾಯಿಲೆ ಹೇಳ್ರಿ. ಎಲ್ಲಾರ ಮುಂದ."

ಹುಡುಗ ಮೌಶಿಯ ಕಡೆ ತಿರುಗಿ ಹೇಳಿದ, "ನೌಕರಿ ಆಕೀದು. ಬಿಡಸಂಗಿಲ್ಲ. ಮುಂಜಾನಿ ಭಾಲ್ಕಿ ಬಸ್ಸಿಗಿ ನಾನ ಕೂಡಸ್ತೇನಿ."

"ಹಂಗಾದ್ರ ನಂದು ಹೂಂ," ಅಂದಳು ಕಾಜಲ.

"ಎರಡನೇ ಸಾಲು ಏನ್ರಿ?" ಎಲ್ಲರೂ ಕೇಳಿದರು. ಅವಳು ನಕ್ಕಳು. "ಅದು ನಮ್ದು."

ಸಕ್ಕರೆ ಹಂಚಿದರು. ಮೌಶಿ ಮೊದಲು ಮಡೆಪ್ಪನ ಬಾಯಿಗೆ ಹಾಕಿದಳು, ತುಸು ಜಾಸ್ತಿಯೇ.

ನ. 17, ಸೋಮವಾರ. ಭಾಲ್ಕಿ

ನಿದ್ದೆ ಇಲ್ಲ. ಎರಡನೇ ಸಾಲು ಏನು?

ತಮ್ಮನಿಗೆ ಒತ್ತಿ ಕೇಳಿದೆ. "ಉಳಿಸಿ ಇಟ್ಟೇನಿ ಅಕ್ಕಾ. ಓದಲಾಕ ಬರೋರಿಗಿ ಅಷ್ಟ."

ಇಡೀ ಬಳಗದ ಪತ್ರ ಓದಿದವಳಿಗೆ ಇವನು ಹೀಗೆ ಅನ್ನಬೇಕೆ! ಕಾಜಲ ರಟ್ಟಿನ ಮೇಲೆ ಚುಕ್ಕಿಯ ಅಕ್ಷರಮಾಲೆ ಮಾಡಿಕೊಟ್ಟಳು. ಊರಿಗೆ ಹೋಗುವುದು ಮುಂದಕ್ಕೆ ಹಾಕಿದೆ.

ಡಿ. 5, ಶುಕ್ರವಾರ

'ಅ' ಬಂತು. 'ಕ' ಬಂತು. ಉಳಿದವೆಲ್ಲ ಬೆರಳಿಗೆ ಸಾಸಿವೆ ಕಾಳು. ತಮ್ಮ ನನ್ನ ಬೆರಳು ಹಿಡಿದು ಸಾಲಿನ ಮೇಲೆ ಎಳೆಯುತ್ತಾನೆ. "ಒತ್ತಬ್ಯಾಡ ಅಕ್ಕಾ. ಕುರಿಮರಿ ಬೆನ್ನ ಸವರಿದಂಗ ಸವರು."

ಡಿ. 21, ಭಾನುವಾರ. ಮಧ್ಯಾಹ್ನ ನಾಲ್ಕು

ಇವತ್ತು ಡಬ್ಬಿ ನನ್ನ ಮುಂದಿಟ್ಟು, ಆ ಸಾಲು ತೆಗೆದುಕೊಟ್ಟ. ಎಡಗೈ ಚುಕ್ಕಿಯ ಮೇಲೆ, ಬಲಗೈ ಈ ಡೈರಿಯ ಮೇಲೆ. ಓದಿದಷ್ಟು ಬರೆದುಕೊಳ್ಳುತ್ತೇನೆ.

ನ. ನ. ಗ. ನನಗ… ರೊ… ರೊಟ್ಟಿ. ರೊಟ್ಟಿ! ಬ, ಡಿ… ನನಗ ರೊಟ್ಟಿ ಬಡೀಲಾಕ ಬರ್ತದ—

ಅಯ್ಯೋ, ಇನ್ನೂ ಇದೆ. ಆ. ದ್ರ. ಆದ್ರ… ದುಂ… ದುಂಡಗ ಆಗಂಗಿ…